ಸೀಮೆಹಸುವಿನ ತವರಿಗೆ ಭಾಗ್ಯಳ ಆರು ಟ್ಯೂಬು

ಇಳಿದ ದಿನ

ಅರಸೀಕೆರೆ ಪಕ್ಕದ ಗಂಡಸಿಯ ನಮ್ಮ ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳಿವೆ. ಕಪ್ಪು ಬಿಳುಪು ಮಚ್ಚೆಯವು, ಬಿಸಿಲು ತಡೆಯದವು, ಹಿಂಡಿ ಒಂದು ಹಿಡಿ ಕಡಿಮೆಯಾದರೂ ಹಾಲು ಇಳಿಸಿ ಮುನಿಸು ತೋರಿಸುವ ಗರತಿಯರು. ಅವುಗಳ ತವರು ಯಾವುದೆಂದು ಮೂವತ್ತಮೂರು ವರ್ಷ ನಾನು ಯೋಚಿಸಿರಲಿಲ್ಲ. ನೆದರ್‌ಲ್ಯಾಂಡ್ಸಿನ ಉತ್ತರದ ಊರೊಂದಕ್ಕೆ ಹೋಗುವ ರೈಲಿನಲ್ಲಿ ಕೂತು ಕಿಟಕಿಯಾಚೆ ನೋಡಿದರೆ ಚಾಪೆ ಹಾಸಿದಂಥ ಮಟ್ಟಸವಾದ ಹಸಿರು, ಅದರ ತುಂಬ ಅವೇ ಹಸುಗಳು. ಒಂದಕ್ಕೂ ಮೂಗುದಾರವಿಲ್ಲ, ಮೇಯಿಸಲು ಒಬ್ಬರೂ ಇಲ್ಲ. ಆ ದೇಶದಲ್ಲಿ ನನಗೆ ಗುರುತಿನವು ಅಂತ ಸಿಕ್ಕಿದ್ದು ಅವು ಮಾತ್ರ. ಎದುರು ಕೂತಿದ್ದ ಹೆಂಗಸಿಗೆ "ಇವು ನಮ್ಮ ಮನೆಯಲ್ಲೂ ಇವೆ" ಎಂದು ಹೇಳೋಣವೆನಿಸಿತು. ಆಕೆ ಪುಸ್ತಕದಿಂದ ತಲೆಯೆತ್ತಲಿಲ್ಲ. ನಮ್ಮ ಅರಸೀಕೆರೆ ಪ್ಯಾಸೆಂಜರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನನ್ನ ಊರು, ಕುಲ, ಮದುವೆ ಯಾಕೆ ಆಗಿಲ್ಲ ಎಂಬ ವಿಚಾರ ಎಲ್ಲವೂ ಬೋಗಿಗೆಲ್ಲ ಗೊತ್ತಾಗಿರುತ್ತಿತ್ತು. ಊರಲ್ಲಿದ್ದಾಗ ಅದನ್ನು ಕಂಡರೆ ರೇಗುತ್ತಿದ್ದವಳು ನಾನೇ.

ಎರಡನೇ ದಿನ, ಫ್ರೀಜರಿನ ಮುಂದೆ

ನಾನು ಹೋಗಿದ್ದು ಆರು ವಾರಕ್ಕೆ, ಆರು ಪುಟ್ಟ ಟ್ಯೂಬುಗಳ ಸಲುವಾಗಿ. ಅವು ನನಗಿಂತ ಮೊದಲೇ ಒಣ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂದು ಅಲ್ಲಿನ ಪ್ರಯೋಗಾಲಯದ ಫ್ರೀಜರಿನಲ್ಲಿ ಕೂತಿದ್ದವು. ಪ್ರತಿ ಟ್ಯೂಬಿನ ಮೇಲೂ ನನ್ನ ಗೆಳತಿ ಭಾಗ್ಯಳ ಅಕ್ಷರ. ಅವಳು ಹಳೇಬೀಡಿನವಳು. ಕಡ್ಡಿ ಗಾತ್ರದ ಟ್ಯೂಬಿನ ಮೇಲೂ ಅಷ್ಟು ಚೆಂದ ಬರೆಯುವುದನ್ನು ನೋಡಿ ನಮ್ಮ ಪಿಎಚ್.ಡಿ. ಗೈಡ್, ನಾವೆಲ್ಲ 'ಸರ್' ಎನ್ನುವವರು, "ನಿನ್ನ ಕೈಗೆ ಪೆನ್ನಲ್ಲ ಕಣಮ್ಮ, ಉಳಿ ಕೊಡಬೇಕು" ಎಂದು ತಮಾಷೆ ಮಾಡುತ್ತಿದ್ದರು.

ಇಲ್ಲಿ ಸ್ವಲ್ಪ ಪಾಠ ಹೇಳಲೇಬೇಕು. ಜೀವಕೋಶವೊಂದು ಒಡೆದು ಎರಡಾಗುವ ಮೊದಲು ತನ್ನ ಡಿಎನ್‌ಎ ಸರಿಯಿದೆಯೇ ಎಂದು ನೋಡಿಕೊಳ್ಳುತ್ತದೆ. ಪೆಟ್ಟು ಬಿದ್ದಿದ್ದರೆ ರಿಪೇರಿಯಾಗುವ ತನಕ ನಿಲ್ಲುತ್ತದೆ. ನಿಲ್ಲಿಸುವ ಕಾವಲುಗಾರರಲ್ಲಿ ಚೆಕ್-ಒನ್ ಎಂಬ ಪ್ರೋಟೀನು ಮುಖ್ಯವಾದದ್ದು. ಅರಸೀಕೆರೆ ಹತ್ತಿರದ ರೈಲ್ವೆ ಗೇಟಿನ ಗೇಟ್‌ಮನ್ ಇದ್ದಾನಲ್ಲ, ಹಾಗೆ. ಅವನು ಸದಾ ಅಲ್ಲಿರುತ್ತಾನೆ, ಆದರೆ ರೈಲು ನಿಲ್ಲುವುದು ಅವನು ಕೆಂಪು ಬಾವುಟ ಹಿಡಿದಾಗ ಮಾತ್ರ. ಚೆಕ್-ಒನ್ನಿನ ಬಾವುಟವೆಂದರೆ ಅದರ ಮೈಮೇಲಿನ ಒಂದು ಗೊತ್ತಾದ ಜಾಗಕ್ಕೆ ಬಂದು ಕೂರುವ ಪುಟ್ಟ ಫಾಸ್ಫೇಟ್. ಇದನ್ನು ನೋಡಲು, ಗುರುತು ಹಿಡಿದು ಹೋಗಿ ಅಂಟಿಕೊಳ್ಳುವ ಎರಡು ಪ್ರತಿಕಾಯಗಳು ಬೇಕು. ಒಂದು, ಬಾವುಟ ಇರಲಿ ಬಿಡಲಿ, ಗೇಟ್‌ಮನ್ ಇದ್ದಾನೆಯೇ ಎಂದು ಹೇಳುತ್ತದೆ. ಇನ್ನೊಂದು, ಬಾವುಟ ಹಿಡಿದವನನ್ನು ಮಾತ್ರ ಗುರುತಿಸುತ್ತದೆ.

ಒಂದು ಮರದ ತೊಗಟೆಯ ಸಾರ ಈ ಬಾವುಟವನ್ನು ಎತ್ತಿಸುತ್ತದೆ ಎಂಬುದು ಮೈಸೂರಿನ ನಮ್ಮ ಸಣ್ಣ ಪ್ರಯೋಗಾಲಯದ ವಾದ. ವಿಜ್ಞಾನ ಪತ್ರಿಕೆಯವರು "ಬಾವುಟ ಎಲ್ಲಿ, ತೋರಿಸಿ" ಎಂದು ನಮ್ಮ ಲೇಖನವನ್ನು ತಿರುಗಿ ಕಳಿಸಿದ್ದರು. ಆ ಎರಡನೇ ಪ್ರತಿಕಾಯ ನಮ್ಮಲ್ಲಿರಲಿಲ್ಲ, ನೆದರ್‌ಲ್ಯಾಂಡ್ಸಿನ ಈ ಪ್ರಯೋಗಾಲಯದಲ್ಲಿತ್ತು. ಸಾರ ಹಾಕಿದ ಕೋಶಗಳನ್ನು ಒಡೆದು ಸ್ಯಾಂಪಲ್ಲುಗಳನ್ನು ಮಾಡಿಟ್ಟಿದ್ದ ಭಾಗ್ಯ ಒಂದು ವರ್ಷದ ಹಿಂದೆಯೇ ಬೇಲೂರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಹೊರಟುಹೋಗಿದ್ದಳು. ಆಮೇಲೆ ಅವಳು ಬೆಳೆಸಿಟ್ಟಿದ್ದ ಉಳಿದ ಕೋಶಗಳೆಲ್ಲ ಬೂಷ್ಟು ಹಿಡಿದು ಸತ್ತವು. ಸಾರವೂ ಮುಗಿದಿತ್ತು. ಹಾಗಾಗಿ ಭೂಮಿಯ ಮೇಲೆ ಉಳಿದದ್ದು ಈ ಆರು ಟ್ಯೂಬು, ಮೂರೇ ಮೂರು ಪ್ರಯೋಗಕ್ಕೆ ಸಾಲುವಷ್ಟು. ಅದರಲ್ಲಿ ನನ್ನ ಡಾಕ್ಟರೇಟಿನ ಕೊನೆಯ ಚಿತ್ರ ಕೂತಿತ್ತು.

ಭಾಗ್ಯ ಮತ್ತು ನಾನು ಐದು ವರ್ಷ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಇದ್ದವರು. ಅವಳು ಹೊರಟ ದಿನ "ಅರ್ಧಕ್ಕೆ ಬಿಟ್ಟು ಹೋಗ್ತಿದ್ದೀಯ" ಎಂದಿದ್ದೆ. ಆಮೇಲೆ ಫೋನು ಹಬ್ಬಕ್ಕೊಂದು ಎಂಬಂತಾಯಿತು.

ಮೊದಲ ವಾರ, ಬಿಸ್ಕತ್ತಿನ ಡಬ್ಬಿ

ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಕಾಫಿಗೆ ಸೇರುತ್ತಾರೆ. ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬರುತ್ತದೆ. ಒಂದು ತೆಗೆದುಕೊಳ್ಳಬೇಕು. ಆಮೇಲೆ ಡಬ್ಬಿಯ ಮುಚ್ಚಳ ಟಪ್ ಎಂದು ಮುಚ್ಚಿಕೊಳ್ಳುತ್ತದೆ, ಆವತ್ತಿಗೆ ಅದು ಮತ್ತೆ ತೆರೆಯುವುದಿಲ್ಲ. ನಮ್ಮಲ್ಲಿ ಬೇಡ ಬೇಡ ಎಂದರೂ ತಟ್ಟೆಗೆ ಸುರಿಯುತ್ತಾರಲ್ಲ, ಆ ಅಭ್ಯಾಸದಲ್ಲಿ ನಾನು ಮೊದಲ ದಿನ "ಬೇಡ" ಎಂದೆ. ಡಬ್ಬಿ ನನ್ನನ್ನು ದಾಟಿ ಹೋಯಿತು. ಎರಡನೇ ಸಲ ಯಾರೂ ಕೇಳಲಿಲ್ಲ.

ಹನ್ನೆರಡಕ್ಕೆ ಊಟ. ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚೀಸು, ಜೊತೆಗೆ ದೊಡ್ಡವರೂ ಲೋಟದ ತುಂಬ ತಣ್ಣನೆಯ ಹಾಲು ಕುಡಿಯುತ್ತಾರೆ. ಕೆಲವರು ಮಜ್ಜಿಗೆ. ಉಪ್ಪಿಲ್ಲ, ಶುಂಠಿಯಿಲ್ಲ, ಕೊತ್ತಂಬರಿ ಕೇಳಲೇಬೇಡಿ. ಆದರೂ ಮಜ್ಜಿಗೆ ಮಜ್ಜಿಗೆಯೇ. ನಾನು ಚೀಲದಿಂದ ಉಪ್ಪಿನ ಪೊಟ್ಟಣ ತೆಗೆದಾಗ ಮೇಜಿನಲ್ಲಿದ್ದವರೆಲ್ಲ ಒಮ್ಮೆ ನೋಡಿ, ಮತ್ತೆ ತಮ್ಮ ಭಾಷೆಯ ಮಾತಿಗೆ ಮರಳಿದರು. ನನ್ನ ಹೆಸರು ಜಯಂತಿ ಎಂದರೆ ಅವರು ಯಯಂತಿ ಎನ್ನುತ್ತಿದ್ದರು. ಒಂದು ವಾರ ತಿದ್ದಿದೆ, ಆಮೇಲೆ ಯಯಂತಿ ಎಂಬುವಳು ಬೇರೆ ಯಾರೋ ಇರಬೇಕು, ಇಲ್ಲಿಗೆ ಬಂದಿರುವುದು ಅವಳೇ ಎಂದುಕೊಂಡು ಸುಮ್ಮನಾದೆ.

ಅಲ್ಲಿ ಯಾರದಾದರೂ ಹುಟ್ಟುಹಬ್ಬವಾದರೆ ಆ ಒಬ್ಬರಿಗಲ್ಲ, ಕೋಣೆಯಲ್ಲಿದ್ದ ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳುತ್ತಾರೆ. ಯಾರೋ ಗುರುತಿಲ್ಲದವರ ಹುಟ್ಟುಹಬ್ಬಕ್ಕೆ ಹನ್ನೊಂದು ಜನ ನನ್ನ ಕೈಕುಲುಕಿದರು. ಆ ವಾರ ಮನುಷ್ಯರ ಕೈ ನನಗೆ ತಾಕಿದ್ದು ಅಂದು ಮಾತ್ರ.

ಸಂಜೆ ಆರಕ್ಕೆ ಕೋಣೆಗೆ ನಡೆದು ಹೋಗುವಾಗ ಬೀದಿಯುದ್ದಕ್ಕೂ ಮನೆಗಳ ದೊಡ್ಡ ಕಿಟಕಿಗಳು. ಪರದೆ ಎಳೆಯುವ ರೂಢಿಯಿಲ್ಲ. ದೀಪ ಹಚ್ಚಿ, ಮೇಜಿನ ಸುತ್ತ ಕೂತು ಉಣ್ಣುವ ಮನೆಮಂದಿ ಬೀದಿಗೇ ಕಾಣುತ್ತಾರೆ. ನೋಡಬಾರದೆಂದು ನೆಲ ನೋಡುತ್ತಲೇ ನಡೆಯುತ್ತಿದ್ದೆ. ನೋಡದೆ ಇರಲೂ ಆಗುತ್ತಿರಲಿಲ್ಲ. ಇಷ್ಟು ಜನರ ಊಟ ಕಂಡೂ ಒಬ್ಬರ ಬಾಯಲ್ಲೂ "ಊಟ ಆಯ್ತಾ?" ಎಂದು ಕೇಳಿಸಿಕೊಳ್ಳದೆ ಮಲಗುವುದು ನನಗೆ ಅಳು ತರಿಸುತ್ತಿತ್ತು.

ಹತ್ತನೇ ದಿನ, ಹಾಲು

ಪ್ರಯೋಗದಲ್ಲಿ ಸ್ಯಾಂಪಲ್ಲಿನ ಪ್ರೋಟೀನುಗಳನ್ನು ಬೇರೆ ಬೇರೆ ಮಾಡಿ ಒಂದು ಬಿಳಿಯ ಪೊರೆಯ ಮೇಲೆ ಇಳಿಸುತ್ತೇವೆ. ಪ್ರತಿಕಾಯ ಹೋಗಿ ಅಂಟಿದ ಕಡೆ ಗೆರೆ ಮೂಡುತ್ತದೆ. ಪ್ರತಿಕಾಯ ಸಿಕ್ಕಸಿಕ್ಕಲ್ಲಿ ಅಂಟದ ಹಾಗೆ ಪೊರೆಯ ಖಾಲಿ ಜಾಗಗಳನ್ನು ಮೊದಲೇ ಬೇರೇನಾದರೂ ಪ್ರೋಟೀನಿನಿಂದ ಮುಚ್ಚಬೇಕು. ಮೈಸೂರಿನಲ್ಲಿ ನಾವು ಅದಕ್ಕೆ ಹಾಲಿನ ಪುಡಿ ಬಳಸುತ್ತಿದ್ದೆವು. ಅಗ್ಗ, ಸುಲಭ, ಐದು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ನಮ್ಮವ್ವ ಗಂಡಸಿಯ ಹೆಂಗಸರ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಯಾರ ಹಾಲಿಗೆ ನೀರು ಬಿದ್ದಿದೆ ಎಂದು ನೋಡುವವಳು. ಅಂಥವಳ ಮಗಳಿಗೆ ಹಾಲಿನ ವಿಷಯ ಯಾರು ಹೇಳಬೇಕು?

ಹೊಸ ಪ್ರತಿಕಾಯದ ಜೊತೆ ಬಂದ ಚೀಟಿಯಲ್ಲಿ ಹಾಲು ಎಂದಿರಲಿಲ್ಲ. ಹಸುವಿನ ರಕ್ತದಿಂದ ತೆಗೆದ ಆಲ್ಬುಮಿನ್ ಎಂಬ ಪುಡಿ ಬಳಸಿ ಎಂದಿತ್ತು. ಓದಿದೆ. ಓದಲಿಲ್ಲ ಎಂದು ಸುಳ್ಳು ಹೇಳಲಾರೆ. ಹಾಲಿರುವಾಗ ರಕ್ತ ಯಾಕೆ ಮುಟ್ಟಬೇಕು ಎಂದು ಮನಸ್ಸು ಹೇಳಿತು, ಕೈ ಹಾಲಿನ ಪುಡಿಯ ಡಬ್ಬಿಗೆ ಹೋಯಿತು. ಎರಡೂ ಪ್ರತಿಕಾಯಗಳನ್ನು ಹಾಲಿನಲ್ಲೇ ಬೆರೆಸಿ, ಒಂದೊಂದರಲ್ಲಿ ಒಂದೊಂದು ಪೊರೆ ಮುಳುಗಿಸಿಟ್ಟು ಹೋದೆ.

ಮರುದಿನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಪೊರೆಯಲ್ಲಿ ಆರು ಗೆರೆ ಆರೋಗ್ಯವಾಗಿ ನಿಂತಿದ್ದವು. ಗೇಟ್‌ಮನ್ ಇದ್ದ. ಇನ್ನೊಂದರಲ್ಲಿ, ಬಾವುಟ ಕಾಣಬೇಕಾದಲ್ಲಿ, ಒಲೆ ಊದಿದಂತೆ ಬರೀ ಹೊಗೆ. ಒಂದು ಗೆರೆಯೂ ಇಲ್ಲ.

ನನ್ನ ತಲೆ ಚುರುಕಾಗಿ ಓಡಿತು. ಸ್ಯಾಂಪಲ್ಲಿಗೆಂದು ಕೋಶವನ್ನು ಒಡೆದ ಕ್ಷಣದಿಂದ ಈ ಫಾಸ್ಫೇಟು ಉದುರಿಹೋಗಲು ಕಾದಿರುತ್ತದೆ. ಅದಕ್ಕೇ ಸ್ಯಾಂಪಲ್ ಮಾಡುವಾಗ ಐಸಿನ ಮೇಲಿಡಬೇಕು, ಉದುರದಂತೆ ತಡೆಯುವ ಒಂದು ಮದ್ದು ಬೆರೆಸಬೇಕು. ಪ್ರೋಟೀನು ಇದೆ, ಗುರುತು ಇಲ್ಲ ಎಂದರೆ ಮದ್ದು ಬೆರೆಸಿಲ್ಲ. ಬೆರೆಸಬೇಕಾದವಳು ಭಾಗ್ಯ. ಆಗ ಅವಳಿಗೆ ಬೇಲೂರಿನ ಕೆಲಸದ ಗಡಿಬಿಡಿ ಬೇರೆ. ಎಲ್ಲ ಕೂಡಿಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಾನು ಅಲ್ಲೇ ಕೂತು ಸರ್‌ಗೂ ಲೇಖನದಲ್ಲಿ ಹೆಸರಿದ್ದ ಇನ್ನಿಬ್ಬರಿಗೂ ಭಾಗ್ಯಳಿಗೂ ಒಂದೇ ಮೇಲ್ ಬರೆದೆ. 'ಸ್ಯಾಂಪಲ್ ತಯಾರಿಯಲ್ಲಿ ಭಾಗ್ಯ ಉದಾಸೀನ ಮಾಡಿದ್ದಾಳೆ' ಎಂಬ ವಾಕ್ಯವೂ ಅದರಲ್ಲಿತ್ತು.

ಸರ್ ಒಂದೇ ಸಾಲು ಬರೆದರು: ಆ ಭಾಗ ಕೈಬಿಡೋಣ, ಹಾಗಿದ್ದರೆ ಭಾಗ್ಯಳ ಹೆಸರೂ ಇರಬೇಕಾಗಿಲ್ಲ. ಭಾಗ್ಯ ವಾಟ್ಸಾಪಿನಲ್ಲಿ ಬರೆದಳು: "ಮದ್ದು ಹಾಕಿದ್ದೆ. ನನ್ನ ನೋಟ್‌ಬುಕ್ ನಿನ್ನ ಮೇಜಿನ ಖಾನೆಯಲ್ಲೇ ಇದೆ." ಅಷ್ಟೇ. ನಾನು ಉತ್ತರಿಸಲಿಲ್ಲ.

ಮೂರನೇ ಮಂಗಳವಾರ, ಹೆಂಕ್

ಪ್ರಯೋಗಾಲಯದಲ್ಲಿ ಹೆಂಕ್ ಎಂಬ ಹಿರಿಯ ಟೆಕ್ನೀಶಿಯನ್ ಇದ್ದರು. ನನ್ನ ಪಕ್ಕದ ಮೇಜು. ತೆಂಗಿನಮರದಷ್ಟು ಎತ್ತರ, ಮಾತು ಕಡಿಮೆ. ಆ ಮಂಗಳವಾರ ನಾನು ಎರಡನೇ ಪಾಲನ್ನು ಕರಗಿಸಲೋ ಬೇಡವೋ ಎಂದು ಕೂತಿದ್ದೆ. ತಡೆಯಲಾರದೆ ಹೊಗೆಯ ಚಿತ್ರ ತೋರಿಸಿ, "ನನ್ನ ಗೆಳತಿ ಸ್ಯಾಂಪಲ್ ಹಾಳು ಮಾಡಿದಳು" ಎಂದೆ.

ಅವರು ಚಿತ್ರ ನೋಡಿದರು, ನನ್ನ ಮೇಜಿನ ಮೇಲಿದ್ದ ಡಬ್ಬಿ ನೋಡಿದರು.

"ಇದಕ್ಕೂ ಹಾಲು ಹಾಕಿದಿರಾ?"

"ಹೌದು."

"ಹಾಲಿನ ಕೇಸೀನಿನ ಮೈತುಂಬ ಫಾಸ್ಫೇಟೇ ಇರುತ್ತದೆ. ನಿಮ್ಮ ಪ್ರತಿಕಾಯ ಹಾಲಿನಲ್ಲೇ ಸಿಕ್ಕಿಕೊಂಡಿರಬಹುದು. ಎಲ್ಲ ಸಲ ಹೀಗಾಗುವುದಿಲ್ಲ. ಆದರೆ ಗೆಳತಿಯನ್ನು ಬೈಯುವ ಮೊದಲು ಹಾಲನ್ನು ಬದಲಾಯಿಸಿ ನೋಡುತ್ತಿದ್ದೆ, ನಾನಾಗಿದ್ದರೆ."

ನನ್ನ ಕಿವಿ ಬಿಸಿಯಾಯಿತು. ಅಂದರೆ ಪೊರೆಗೆ ಬಳಿದ ಹಾಲಿನಲ್ಲೇ ಸಾವಿರಾರು ಬಾವುಟಗಳಿದ್ದವು, ನಾನು ಅದರೊಳಗೆ ಒಬ್ಬ ಗೇಟ್‌ಮನ್ನಿನ ಬಾವುಟ ಹುಡುಕುತ್ತಿದ್ದೆ. "ನಾನು ಹಾಲು ಕಲಸುವುದನ್ನು ನೀವು ಅವತ್ತೇ ನೋಡಿದಿರಲ್ಲ. ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಕೇಳಲಿಲ್ಲ," ಎಂದರು ಹೆಂಕ್. ವ್ಯಂಗ್ಯವಿರಲಿಲ್ಲ, ಅದು ಅವರ ಮರ್ಯಾದೆ. ಕೇಳದೆ ಹೇಳಿದರೆ ನನಗೆ ಅವಮಾನ ಮಾಡಿದ ಹಾಗೆ. ನಮ್ಮಲ್ಲಿ ಬಸ್ಸಿನ ಕಂಡಕ್ಟರು ಕೂಡ ಮಂಡಿನೋವಿಗೆ ಎಣ್ಣೆ ಹೇಳಿಯೇ ಟಿಕೆಟ್ ಹರಿಯುತ್ತಾನೆ. ಕೇಳದೆ ಹೇಳುವವರ ನಡುವೆ ಬೆಳೆದ ನನಗೆ ಕೇಳುವುದೇ ಅಭ್ಯಾಸವಾಗಿರಲಿಲ್ಲ. ಕೇಳಿದರೆ ಗಂಡಸಿಯವಳಿಗೆ ಇಷ್ಟೂ ಗೊತ್ತಿಲ್ಲ ಎಂದುಕೊಂಡಾರು ಎಂಬ ಬಿಗುಮಾನ ಬೇರೆ.

ಅದೇ ಮಧ್ಯಾಹ್ನ, ಕಾಲುವೆಯ ದಂಡೆ

ನನ್ನ ಊಟದ ಹೊತ್ತು ಗಂಡಸಿಯಲ್ಲಿ ಅವ್ವ ಡೇರಿಗೆ ಹೊರಡುವ ಹೊತ್ತು. ಬಾತುಗಳು ತೇಲುವ ಕಾಲುವೆಯ ದಂಡೆಯ ಮೇಲೆ ಕೂತು ಫೋನು ಮಾಡಿದೆ.

"ಉಂಡ್ಯೇನವ್ವಾ? ಚಳಿ ಐತಾ ಅಲ್ಲಿ?"

ನಾನು ಎಲ್ಲ ಹೇಳಿದೆ. ಹಾಲಿನ ಬದಲು ಹಸುವಿನ ರಕ್ತದ ಪುಡಿ ಹಾಕಬೇಕಾಗಿದೆ ಎಂದೂ ಹೇಳಿದೆ. ಅದನ್ನು ಹೇಳುವಾಗ ನನ್ನ ದನಿ ಇಳಿಯಿತು. ಅವ್ವನ ಹಿಂದೆ ನಮ್ಮ ಹಸು ಕೂಗಿದ್ದು ಕೇಳಿಸಿತು.

"ಕೆಲ್ಸಕ್ಕೆ ಏನ್ ಬೇಕೋ ಅದ್ನ ಹಾಕು ಮಗ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಿಂಗ್ ನಾನ್ ಹೇಳ್ಬೇಕಾ? ಊರಿಗ್ ಬಂದಾಗ ತಲೆ ಮೇಲೆ ನೀರ್ ಹಾಕ್ಕಂಡು ಒಳೀಕ್ ಬಾ, ಆಯ್ತು. ಭಾಗ್ಯಂಗೆ ಏನಂದೆ, ಅದ್ನ ಹೇಳು."

ಹೇಳಿದೆ. ಅವ್ವ ನಿಟ್ಟುಸಿರು ಬಿಟ್ಟಳು. "ಹಿಂದೆ ಒಂದ್ಸಲ ಚಂದ್ರಮ್ಮನ ಹಾಲ್ಗೆ ನೀರ್ ಬಿದ್ದೈತೆ ಅಂತ ಕ್ಯೂನಲ್ಲೇ ವಾಪಸ್ ಕಳಿಸ್ದೆ ಕಣೇ. ಆಮೇಲ್ ನೋಡಿದ್ರೆ ಹಾಲು ಕರೆದ ಬಿಸೀನೇ ಆರಿರ್ಲಿಲ್ಲ. ಬಿಸಿ ಹಾಲಲ್ಲಿ ಮೀಟ್ರು ಕೆಳೀಕ್ ಇಳೀತದೆ, ನಂಗ್ ಗೊತ್ತಿದ್ದಿದ್ದೇ. ಸಂಜೆ ಅದೇ ಕ್ಯೂ ಮುಂದೆ, ಎಲ್ರೂ ಇರೋವಾಗ, ತಪ್ಪು ನಂದು ಅಂತ ಅವಳ ಕ್ಯಾನಿಂದ್ಲೇ ಒಂದ್ ಲೋಟ ಹಾಲ್ ಕುಡ್ದೆ. ನಾಕ್ ಜನದ ಮುಂದೆ ಅಂದಿದ್ನ ನಾಕ್ ಜನದ ಮುಂದೇನೇ ವಾಪಸ್ ತಗಬೇಕು."

"ಮೊದ್ಲು ಇನ್ನೊಂದ್ಸಲ ಮಾಡಿ ನೋಡ್ತೀನವ್ವ. ಗೆರೆ ಬಂದ್ರೆ ಬರೀತೀನಿ."

"ಗೆರೆ ಬರ್ತದೋ ಬಿಡ್ತದೋ ಅದು ಆಮೇಲಿನ್ ಮಾತು. ನೀನ್ ಅಳೆದಿದ್ದು ತಪ್ಪು ಅಂತ ಇವತ್ ಗೊತ್ತಾಯ್ತಲ್ಲ, ಇವತ್ತೇ ಹೇಳು." ಡೇರಿಗೆ ಹೊತ್ತಾಯಿತೆಂದು ಅವ್ವ ಫೋನು ಇಟ್ಟಳು.

ನಾನು ಹೇಳಲಿಲ್ಲ. ಗೆರೆ ಬರದೇ ಹೋದರೆ ಎರಡು ಸಲ ಮುಖಭಂಗ ಎಂದು ಲೆಕ್ಕ ಹಾಕಿದೆ.

ಶುಕ್ರವಾರ, ಐದು ಗೆರೆ

ರಕ್ತದ ಪುಡಿಯೂ ಬೆಳ್ಳಗೇ ಇತ್ತು. ನೀರಿಗೆ ಹಾಕಿದರೆ ನೊರೆ ಬರುತ್ತದೆ, ವಾಸನೆಯಿಲ್ಲ. ತೂಗಿ ಕಲಸಿದೆ. ಶುಕ್ರವಾರ ಬೆಳಿಗ್ಗೆ ಪೊರೆಯನ್ನು ತೊಳೆದು ಯಂತ್ರದೊಳಗಿಟ್ಟೆ. ಹೊಗೆ ಇರಲಿಲ್ಲ. ಸಾರ ಹಾಕದ ಮೊದಲನೇ ಸ್ಯಾಂಪಲ್ಲಿನ ಜಾಗ ಖಾಲಿ. ಎರಡನೆಯದರಲ್ಲಿ ಪೆನ್ಸಿಲ್ ಗೀರಿನಷ್ಟು, ಅಲ್ಲಿಂದ ಮುಂದಕ್ಕೆ ಸಾರ ಹೆಚ್ಚಿದಂತೆ ದಟ್ಟ, ಇನ್ನೂ ದಟ್ಟ. ಕೊನೆಯದು, ಬಾವುಟ ಖಂಡಿತ ಎತ್ತಿಸುವ ಗೊತ್ತಿರುವ ಔಷಧ ಹಾಕಿದ್ದು, ಕಾಡಿಗೆ ತೀಡಿದ ಹಾಗಿತ್ತು. ಭಾಗ್ಯ ಮದ್ದು ಹಾಕಿದ್ದಳು. ಐಸಿನ ಮೇಲೆ ಇಟ್ಟಿದ್ದಳು. ಒಂದು ಫಾಸ್ಫೇಟನ್ನೂ ಉದುರಲು ಬಿಡದೆ ಸಮುದ್ರ ದಾಟಿಸಿದ್ದಳು.

ಹೆಂಕ್ ಬಗ್ಗಿ ನೋಡಿ "ಚೆನ್ನಾಗಿದೆ" ಎಂದರು, ತಮ್ಮ ಕೆಲಸಕ್ಕೆ ಹೋದರು. ಇನ್ನೊಬ್ಬರ ಹುಟ್ಟುಹಬ್ಬಕ್ಕೆ ಹನ್ನೊಂದು ಜನ ಕೈಕುಲುಕಿದ್ದ ಕೋಣೆಯಲ್ಲಿ ನಾನು ಒಬ್ಬಳೇ ನಿಂತು ಆ ಚಿತ್ರ ನೋಡಿದೆ. ಇದನ್ನು ನೋಡಿ ಕುಣಿದಾಡಬೇಕಾಗಿದ್ದವಳು ಒಬ್ಬಳೇ ಇದ್ದಳು, ಅವಳ ಹೆಸರನ್ನು ನಾನೇ ಅಳಿಸಿದ್ದೆ. ಅವತ್ತು ಬಾತ್‌ರೂಮಿಗೆ ಹೋಗಿ ಅತ್ತೆ. ಆಮೇಲೆ ಅದೇ ನಾಲ್ವರಿಗೆ ಬರೆದೆ: ಮಂಗಳವಾರ ಗೊತ್ತಾಯಿತು, ಹಾಲು ಹಾಕಿದ್ದು ನನ್ನ ತಪ್ಪು, ಭಾಗ್ಯಳ ಕೆಲಸ ಚೊಕ್ಕವಾಗಿದೆ, ಚಿತ್ರ ಲಗತ್ತಿಸಿದ್ದೇನೆ. ಸರ್ "ಒಳ್ಳೆಯದು. ಹೆಸರು ಹಾಗೇ ಇರಲಿ" ಎಂದರು. ಭಾಗ್ಯಳಿಂದ ಏನೂ ಬರಲಿಲ್ಲ. ಉಳಿದ ಎರಡೂವರೆ ವಾರ ಬೇರೆ ಕೆಲಸ ಕಲಿತೆ, ಉಪ್ಪು ಹಾಕಿ ಮಜ್ಜಿಗೆ ಕುಡಿದೆ, ಭಾನುವಾರ ಬೇಲಿಯ ಹತ್ತಿರ ನಿಂತು ಹಸುಗಳನ್ನು ಮಾತಾಡಿಸಿದೆ. ಅವು ಕನ್ನಡಕ್ಕೆ ಕಿವಿ ನಿಮಿರಿಸಿದವು ಎಂದೇ ನನ್ನ ನಂಬಿಕೆ.

ಬೇಲೂರು

ಅರಸೀಕೆರೆಯಲ್ಲಿ ಬೆಳಿಗ್ಗೆ ರೈಲಿಳಿದೆ. ಗಂಡಸಿ ಬಸ್ಸು ನಿಂತಿತ್ತು, ಹತ್ತಲಿಲ್ಲ. ಪೆಟ್ಟಿಗೆ ಸಮೇತ ಜಾವಗಲ್ಲಿನ ಮೇಲೆ ಹೋಗುವ ಬೇಲೂರು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ "ಯಾವೂರವ್ವ? ಇಷ್ಟ್ ದೊಡ್ ಪೆಟ್ಗೆ ಐತೆ, ತವರಿಂದ್ಲಾ?" ಎಂದಳು. ಸುಮ್ಮನೆ ಹೂಂ ಎಂದೆ. ಹಳೇಬೀಡಿನಲ್ಲಿ ಇಳಿಯುವವರೆಗೂ ಆಕೆ ತನ್ನ ಸೊಸೆಯ ಕಥೆ ಹೇಳಿದಳು, ನಾನು ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.

ಭಾಗ್ಯ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಕುರ್ಚಿ ಎಳೆದು ಕೊಟ್ಟಳು. ಸ್ವಲ್ಪ ದಪ್ಪಗಾಗಿದ್ದಳು. ಮಾತಿಗೆ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಾನು ಅಚ್ಚುಹಾಕಿಸಿದ ಚಿತ್ರವನ್ನು ಮುಂದಿಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಗೆರೆ ನೋಡಿದಳು.

"ನಾಲ್ಕನೇದು ಸ್ವಲ್ಪ ಕಮ್ಮಿ ಹಾಕಿದ್ದೀಯ."

"ಹೂಂ. ಕೈ ನಡುಗ್ತಿತ್ತು."

"ಹಾಲಿನ ವಿಷ್ಯ ನಿಂಗೆ ಗೊತ್ತಾಗಿದ್ದು ಮಂಗಳವಾರ ಅಂತ ಬರ್ದಿದ್ದೆ."

"ಹೌದು."

"ಮೇಲ್ ಬಂದಿದ್ದು ಶುಕ್ರವಾರ." ಅವಳು ತಲೆಯೆತ್ತಿದಳು. "ಗೆರೆ ಬರದೇ ಹೋಗಿದ್ರೆ ಬರೀತಿದ್ಯೇನೇ, ಜಯಾ?"

ಕ್ಷಮಿಸು ಎಂದು ಹೇಳಲು ಬಸ್ಸಿನುದ್ದಕ್ಕೂ ಕಲಿತುಕೊಂಡು ಹೋಗಿದ್ದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

"ಗೊತ್ತಿಲ್ಲ ಕಣೇ," ಎಂದೆ.

"ನಿಜ ಹೇಳಿದೆ ಬಿಡು," ಎಂದಳು. ಗಂಟೆ ಹೊಡೆಯಿತು. ಚಿತ್ರವನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು ಸೀಮೆಸುಣ್ಣ ಹುಡುಕಿದಳು. ಬಾಗಿಲ ತನಕ ಹೋಗಿ ನಿಂತಳು, ತಿರುಗಲಿಲ್ಲ.

"ಊಟ ಆಗಿರಲ್ಲ ನಿಂದು. ಬ್ಯಾಗಲ್ಲಿ ಡಬ್ಬಿ ಇದೆ ನೋಡು. ಅರ್ಧ ನಂಗಿಡು."

ಡಬ್ಬಿಯಲ್ಲಿ ಮೊಸರನ್ನವೂ ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿಯೂ ಇದ್ದವು. ಆ ಕಡೆಯ ಕೋಣೆಯಿಂದ ಅವಳು ಪಾಠ ಹೇಳುವ ದನಿ ಕೇಳುತ್ತಿತ್ತು. ಸರಿಯಾಗಿ ಅರ್ಧ ತಿಂದೆ, ಉಪ್ಪಿನಕಾಯಿಯನ್ನು ಮುಟ್ಟಲಿಲ್ಲ. ಮುಚ್ಚಳ ಮುಚ್ಚಿ ಕಾಯುತ್ತಾ ಕೂತೆ.